ಥ್ರೆಡ್ ಕೂತ ಮಾತ್ರಕ್ಕೆ ಸೀಲ್ ಕೂರುವುದಿಲ್ಲ: ಹಳೆಯ ಸೆಸ್ನಾ 140 ವಿಮಾನಕ್ಕೆ ಬ್ರೇಕ್ ಲೈನ್ ಫಿಟ್ಟಿಂಗ್ ಆರಿಸುವುದು ಹೇಗೆ?

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನಲ್ಲಿ. ಮೂವರು ಗೆಳೆಯರು ಸೇರಿ 1946ರ ಸೆಸ್ನಾ 140 ವಿಮಾನ ಕೊಂಡಿದ್ದೇವೆ. ಹಿಂದಿನ ಮಾಲೀಕರು ಹಳೆಯ ಗುಡ್‌ಇಯರ್ ಬ್ರೇಕ್ ತೆಗೆಸಿ ಕ್ಲೀವ್‌ಲ್ಯಾಂಡ್ ಡಿಸ್ಕ್ ಬ್ರೇಕ್ ಹಾಕಿಸಿದ್ದಾರೆ. ಎಡಗಡೆ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಹತ್ತಿರ ಕೆಂಪು ಎಣ್ಣೆ ಜಿನುಗುತ್ತಿದೆ, ಎಷ್ಟು ಟೈಟ್ ಮಾಡಿದರೂ ನಿಲ್ಲುತ್ತಿಲ್ಲ. ಬಿಚ್ಚಿ ನೋಡಿದರೆ ಫಿಟ್ಟಿಂಗ್ ನೀಲಿ ಬಣ್ಣದ್ದು, ಅದಕ್ಕೆ ಹಾಕಿರುವ ನಟ್ಟು ಹಿತ್ತಾಳೆಯದು. ಎರಡೂ ಬದಿಯ ಲೈನ್ ಹೊಸದಾಗಿ ಹಾಕಿಸಬೇಕೆಂದಿದ್ದೇವೆ. ಕಾರಿನ ಬಿಡಿಭಾಗದ ಅಂಗಡಿಯ ಫಿಟ್ಟಿಂಗ್ ಇದೇ ಥ್ರೆಡ್‌ಗೆ ಸಲೀಸಾಗಿ ಕೂರುತ್ತದೆ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಅಗ್ಗಕ್ಕೆ ತರಬಹುದು ಎಂದು ಒಬ್ಬರು ಹೇಳುತ್ತಾರೆ. ಯಾವುದನ್ನು ಕೊಳ್ಳೋಣ?

ಉತ್ತರ: ಸೋರಿಕೆಗೆ ಕಾರಣ ಬಹುಮಟ್ಟಿಗೆ ಆ ಹಿತ್ತಾಳೆ ನಟ್ಟೇ. ಅದು ಸಲೀಸಾಗಿ ಕೂರುತ್ತದೆ ಎಂಬುದೇ ಇಲ್ಲಿನ ತೊಂದರೆ.

ಪೈಪಿನ ಬಾಯಿಯನ್ನು ತುತ್ತೂರಿಯಂತೆ ಅಗಲಿಸಿದ್ದು ಫ್ಲೇರ್. ವಿಮಾನದ ಫ್ಲೇರ್ ಫಿಟ್ಟಿಂಗ್‌ನ ಮೂತಿ, ಅಂದರೆ ಆ ಬಾಯಿ ಒರಗುವ ಶಂಕು, 37 ಡಿಗ್ರಿ. ಕಾರು, ಫ್ರಿಜ್, ಗ್ಯಾಸ್ ಲೈನುಗಳದು 45 ಡಿಗ್ರಿ. ಆದರೆ ಕಾಲಿಂಚಿನ ಪೈಪಿಗೆ ಎರಡು ಪದ್ಧತಿಯಲ್ಲೂ ಒಂದೇ ಥ್ರೆಡ್, 7/16-20 (ವ್ಯಾಸ 7/16 ಇಂಚು, ಇಂಚಿಗೆ 20 ಥ್ರೆಡ್). 3/16 ಇಂಚಿನ ಪೈಪಿಗೂ ಹಾಗೆಯೇ, ಎರಡರಲ್ಲೂ 3/8-24. ಹೀಗಾಗಿ 45 ಡಿಗ್ರಿಯ ನಟ್ಟು 37 ಡಿಗ್ರಿಯ ಫಿಟ್ಟಿಂಗ್ ಮೇಲೆ ಕೈಯಲ್ಲೇ ಸರಸರ ಓಡುತ್ತದೆ, ಸ್ಪ್ಯಾನರ್ ಹಾಕಿದರೆ ಬಿಗಿಯೂ ಆಗುತ್ತದೆ. ಒಳಗೆ ನಡೆಯುವುದು ಬೇರೆ. ಪೈಪಿನ ಅಗಲಿಸಿದ ಬಾಯಿ ಫಿಟ್ಟಿಂಗ್‌ನ ಮೂತಿಗೆ ಪೂರ್ತಿ ಒರಗದೆ ಒಂದು ತೆಳು ಗೆರೆಯಷ್ಟೇ ತಾಗುತ್ತದೆ. ನೀವು ಟೈಟ್ ಮಾಡಿದಷ್ಟೂ ಆ ಗೆರೆಯ ಮೇಲೆಯೇ ಭಾರ ಬಿದ್ದು ಅಲ್ಯೂಮಿನಿಯಂ ತೆಳುವಾಗುತ್ತದೆ. ಒಂದು ದಿನ ಫ್ಲೇರ್ ಬುಡದಲ್ಲೇ ಸೀಳುತ್ತದೆ. ಟೇಲ್‌ವೀಲ್ (ಮೂರನೇ ಚಕ್ರ ಬಾಲದಲ್ಲಿರುವ) ವಿಮಾನದಲ್ಲಿ ಒಂದು ಬದಿಯ ಬ್ರೇಕ್ ಮಾತ್ರ ಕೈಕೊಟ್ಟರೆ ರನ್‌ವೇ ಮೇಲೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಪ್ರತಿ ಜೋಡಣೆಯ ಬಗ್ಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಎಣ್ಣೆಯನ್ನು ತಡೆಯುತ್ತಿರುವುದು ಯಾವುದು? ನಿಮ್ಮ ಬ್ರೇಕ್ ಲೈನಿನಲ್ಲಿ ಉತ್ತರ ಎರಡೇ ಬಗೆ. ಫ್ಲೇರ್ ಜೋಡಣೆಯಲ್ಲಿ ತಡೆಯುವುದು ಮೂತಿ, ಥ್ರೆಡ್ ಬರೀ ಒತ್ತಿ ಹಿಡಿಯುತ್ತದೆ. ಪೈಪ್ ಥ್ರೆಡ್ ಜೋಡಣೆಯಲ್ಲಿ ತಡೆಯುವುದು ಥ್ರೆಡ್ಡೇ. ಕೆಲವು ವಿಮಾನಗಳಲ್ಲಿ ಮೂರನೆಯದೂ ಸಿಗುತ್ತದೆ: ನೇರ ಥ್ರೆಡ್ಡಿನ ಪೋರ್ಟ್ (ಫಿಟ್ಟಿಂಗ್ ಕೂರುವ ತೂತು), ಅಲ್ಲಿ ತಡೆಯುವುದು ಓ-ರಿಂಗ್. ನಿಮ್ಮ ಎರಡು ಬಗೆಯನ್ನು ಒಂದಕ್ಕೊಂದು ಬೆರೆಸದಿದ್ದರೆ ಮುಕ್ಕಾಲು ಪಾಲು ಲೀಕ್ ಹುಟ್ಟುವುದೇ ಇಲ್ಲ.

ಮೊದಲು ಪೈಪಿನ ಹೊರವ್ಯಾಸ ಅಳೆಯಿರಿ, ವರ್ನಿಯರ್ ಸಾಕು. 6.35 ಮಿ.ಮೀ. ಬಂದರೆ ಕಾಲಿಂಚು, 4.76 ಬಂದರೆ 3/16. ವಿಮಾನದ ಫಿಟ್ಟಿಂಗ್‌ಗಳಿಗೆ ಎಎನ್ (ಅಮೆರಿಕದ ಸೇನೆ-ನೌಕಾಪಡೆಯ ಮಾನಕ) ಸಂಖ್ಯೆ ಇರುತ್ತದೆ. ಅದರಲ್ಲಿ ಗೆರೆಯ ನಂತರದ ಅಂಕಿ ಪೈಪಿನ ಹೊರವ್ಯಾಸವನ್ನು ಇಂಚಿನ ಹದಿನಾರನೇ ಭಾಗಗಳಲ್ಲಿ ಹೇಳುತ್ತದೆ: -4 ಅಂದರೆ ಕಾಲಿಂಚು, -3 ಅಂದರೆ 3/16. ಕೊನೆಯಲ್ಲಿ ಡಿ ಇದ್ದರೆ ಅಲ್ಯೂಮಿನಿಯಂ ಮಿಶ್ರಲೋಹ, ಅಕ್ಷರ ಇಲ್ಲದಿದ್ದರೆ ಉಕ್ಕು. ಎಎನ್ ಅಲ್ಯೂಮಿನಿಯಂ ಫಿಟ್ಟಿಂಗ್‌ಗೆ ನೀಲಿ ಬಣ್ಣ, ಉಕ್ಕಿನದಕ್ಕೆ ಕಪ್ಪು. ನಿಮ್ಮ ವಿಮಾನದ ವಯಸ್ಸಿಗೆ ಬೂದು ಅಥವಾ ಹಳದಿ ಬಣ್ಣದ ಫಿಟ್ಟಿಂಗ್ ಸಿಕ್ಕರೂ ಅಚ್ಚರಿಯಿಲ್ಲ. ಅವು ಎಎನ್‌ಗಿಂತ ಮುಂಚಿನ ಎಸಿ (ಏರ್ ಕೋರ್) ಪದ್ಧತಿಯವು. ಬಣ್ಣ ಹೋಗಿದ್ದರೆ ಕೊನೆಯ ಥ್ರೆಡ್‌ಗೂ ಮೂತಿಗೂ ನಡುವಿನ ಜಾಗ ನೋಡಿ. ಎಎನ್‌ನಲ್ಲಿ ಅಲ್ಲಿ ಥ್ರೆಡ್ ಇಲ್ಲದ ಸಣ್ಣದೊಂದು ಭುಜ ಇರುತ್ತದೆ, ಎಸಿಯಲ್ಲಿ ಅದಿರುವುದಿಲ್ಲ. ಎಸಿ ಫಿಟ್ಟಿಂಗ್‌ಗೆ ಎಎನ್ ನಟ್ಟು ಹಾಕುವ ಸಾಹಸ ಬೇಡ, ಇಡೀ ಜೋಡಣೆಯನ್ನೇ ಎಎನ್‌ಗೆ ಬದಲಿಸಿ.

ಇನ್ನು ಕೊಳ್ಳಬೇಕಾದ್ದು. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ಮತ್ತು ಕ್ಯಾಲಿಪರ್ ಪೋರ್ಟ್‌ಗಳು ಸಾಮಾನ್ಯವಾಗಿ 1/8 ಇಂಚಿನ ಎನ್‌ಪಿಟಿ (ಅಮೆರಿಕದ ಮಾನಕದ) ಪೈಪ್ ಥ್ರೆಡ್. ಆ ಪೋರ್ಟಿನಿಂದ ಕಾಲಿಂಚಿನ ಫ್ಲೇರ್‌ಗೆ ಹೊರಡಲು ನೇರವಾದದ್ದು ಬೇಕಿದ್ದರೆ ಎಎನ್816-4ಡಿ, 90 ಡಿಗ್ರಿ ಎಲ್ಬೋ ಬೇಕಿದ್ದರೆ ಎಎನ್822-4ಡಿ. ಪೈಪಿನ ಪ್ರತಿ ತುದಿಗೆ ಒಂದು ಎಎನ್818-4ಡಿ ನಟ್ಟು, ಒಂದು ಎಎನ್819-4ಡಿ ಸ್ಲೀವ್ (ನಟ್ಟಿನೊಳಗೆ ಫ್ಲೇರ್‌ನ ಹಿಂಬದಿಗೆ ಆನಿಸುವ ಬಳೆ). ಬಾಡಿಯ ತಗಡು ದಾಟುವ ಕಡೆ ಬಲ್ಕ್‌ಹೆಡ್ ಯೂನಿಯನ್ ಇದ್ದರೆ ಎಎನ್832-4ಡಿ, ಅದೇ ಎಲ್ಬೋ ಆಗಿದ್ದರೆ ಎಎನ್833-4ಡಿ, ಜೊತೆಗೆ ಹಿಡಿತಕ್ಕೆ ಎಎನ್924-4ಡಿ ನಟ್ಟು. ಎರಡು ಪೈಪ್ ಸೇರಿಸುವ ಯೂನಿಯನ್ ಎಎನ್815-4ಡಿ. ಒಂದು ಬದಿಯಲ್ಲಿ ಸಿಲಿಂಡರ್‌ನಿಂದ ತಗಡಿನವರೆಗೆ ಒಂದು ತುಂಡು, ಅಲ್ಲಿಂದ ಕೆಳಗೆ ಇನ್ನೊಂದು ತುಂಡು ಎಂದಿಟ್ಟುಕೊಂಡರೆ ನಾಲ್ಕು ನಟ್ಟು, ನಾಲ್ಕು ಸ್ಲೀವ್. ಎರಡೂ ಬದಿಗೆ ಎಂಟೆಂಟು. ಸ್ಲೀವ್ ಮಾತ್ರ ಹನ್ನೆರಡು ತರಿಸಿ. ಫ್ಲೇರ್ ಕೆಟ್ಟರೆ ತುದಿ ಕತ್ತರಿಸಿ ಮತ್ತೆ ಮಾಡಬೇಕಾಗುತ್ತದೆ, ಹಳೆಯ ಸ್ಲೀವ್ ಆಗ ಪೈಪಿಗೇ ಕಚ್ಚಿಕೊಂಡಿರುತ್ತದೆ. ಪೈಪ್ 3/16 ಆಗಿದ್ದರೆ ಇವೇ ಸಂಖ್ಯೆಗಳಲ್ಲಿ -4 ಬದಲು -3.

ಆರ್ಡರ್ ಮಾಡುವಾಗ ಎಡವುವ ಒಂದು ಜಾಗವಿದೆ. ಎಎನ್822-4ಡಿ ಎಂದರೆ ಕಾಲಿಂಚಿನ ಪೈಪ್, 1/8 ಪೈಪ್ ಥ್ರೆಡ್. ಎಎನ್822-4-4ಡಿ ಎಂದರೆ ಕಾಲಿಂಚಿನ ಪೈಪ್, ಕಾಲಿಂಚಿನ ಪೈಪ್ ಥ್ರೆಡ್. ಒಂದು ಅಂಕಿ ಹೆಚ್ಚಾದರೆ ನಿಮ್ಮ ಪೋರ್ಟ್‌ಗೆ ಹೋಗುವುದಿಲ್ಲ. ಇನ್ನು 1/8 ಎನ್‌ಪಿಟಿ ಎಂದು ಹೆಸರಿದ್ದರೂ ಅಳೆದರೆ ಸುಮಾರು 10.3 ಮಿ.ಮೀ. ಬರುತ್ತದೆ. ಗಾಬರಿ ಬೇಡ, ಪೈಪ್ ಥ್ರೆಡ್‌ನ ಲೆಕ್ಕವೇ ಹಾಗೆ.

ಜೆ.ಸಿ. ರಸ್ತೆಯ ಮಾತಿಗೆ ಬರೋಣ. ಬೇಡ. ಕಾರಣ ಗುಣಮಟ್ಟದ್ದಷ್ಟೇ ಅಲ್ಲ. ಭಾರತದಲ್ಲಿ ಪೈಪ್ ಥ್ರೆಡ್ ಎಂದು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಬಿಎಸ್‌ಪಿ, ಅಂದರೆ ಬ್ರಿಟಿಷ್ ಮಾನಕದ್ದು. 1/8 ಬಿಎಸ್‌ಪಿಗೆ ಇಂಚಿಗೆ 28 ಥ್ರೆಡ್, ಕೋನ 55 ಡಿಗ್ರಿ. 1/8 ಎನ್‌ಪಿಟಿಗೆ ಇಂಚಿಗೆ 27, ಕೋನ 60 ಡಿಗ್ರಿ. ವ್ಯತ್ಯಾಸ ಎಷ್ಟು ಸಣ್ಣದೆಂದರೆ ಎರಡು ಮೂರು ಸುತ್ತು ಕೂರುತ್ತದೆ, ಆಮೇಲೆ ಬಿಗಿಯಾಗುತ್ತದೆ, ಸರಿಯಾಗಿಯೇ ಕೂತಿದೆ ಎಂಬ ಭ್ರಮೆಯನ್ನೂ ಕೊಡುತ್ತದೆ. ಕೆಡುವುದು ಅಗ್ಗದ ಫಿಟ್ಟಿಂಗ್ ಅಲ್ಲ, ನಿಮ್ಮ ಕ್ಯಾಲಿಪರ್‌ನ ಮೆತ್ತನೆಯ ಎರಕದ ಥ್ರೆಡ್. ಆ ಕ್ಯಾಲಿಪರ್‌ನ ಬೆಲೆಯ ಮುಂದೆ ಎಎನ್ ಫಿಟ್ಟಿಂಗ್‌ನ ಬೆಲೆ ಯಾವ ಲೆಕ್ಕ?

ಕಾನೂನಿನ ಮಾತೂ ಇದೆ. ನಿಮ್ಮದು ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಸರ್ಕಾರಿ ಅನುಮೋದನೆ) ಇರುವ ವಿಮಾನ. ಎಎನ್, ಎಂಎಸ್ (ಮಿಲಿಟರಿ ಸ್ಟ್ಯಾಂಡರ್ಡ್) ಭಾಗಗಳು ಪ್ರಕಟಿತ ಮಾನಕಕ್ಕೆ ತಕ್ಕಂತೆ ತಯಾರಾದವು, ಆದ್ದರಿಂದ ಸ್ಟ್ಯಾಂಡರ್ಡ್ ಪಾರ್ಟ್ ಎಂದು ಹಾಕಬಹುದು. ಕಾರಿನ ಅಂಗಡಿಯ ಹಿತ್ತಾಳೆ ನಟ್ಟಿಗೆ ಆ ದಾಖಲೆಯಿಲ್ಲ. ಪೈಲಟ್ ಆಗಿರುವ ಮಾಲೀಕರೇ ಮಾಡಿ ಸಹಿ ಹಾಕಬಹುದಾದ ಕೆಲಸಗಳ ಪಟ್ಟಿ ಎಫ್‌ಎಎ (ಅಮೆರಿಕದ ವಿಮಾನಯಾನ ಆಡಳಿತ) ನಿಯಮ ಭಾಗ 43ರ ಅನುಬಂಧ ಎಯಲ್ಲಿದೆ. ಬ್ರೇಕ್ ಲೈನ್ ಬದಲಿಸುವುದು ಅದರಲ್ಲಿಲ್ಲ. ಕೆಲಸ ನೀವೇ ಮಾಡಬಹುದು, ಆದರೆ ಎ ಅಂಡ್ ಪಿ (ವಿಮಾನದ ಬಾಡಿ, ಎಂಜಿನ್ ಎರಡರ ಪರವಾನಗಿ ಇರುವ) ಮೆಕ್ಯಾನಿಕ್ ಒಬ್ಬರು ಪಕ್ಕದಲ್ಲಿದ್ದು ನೋಡಿ ಲಾಗ್‌ಬುಕ್‌ಗೆ ಸಹಿ ಹಾಕಬೇಕು. ಅವರನ್ನು ಕೊನೆಗೆ ಕರೆಯದೆ ಮೊದಲೇ ಮಾತಾಡಿಸಿ. ಹಾಗೆಯೇ ಕ್ಲೀವ್‌ಲ್ಯಾಂಡ್ ಬದಲಾವಣೆಯ ಎಸ್‌ಟಿಸಿ (ವಿನ್ಯಾಸ ಬದಲಾವಣೆಯ ಅನುಮೋದನೆ) ಕಾಗದ ಮತ್ತು ಫಾರ್ಮ್ 337 (ದೊಡ್ಡ ಬದಲಾವಣೆಯ ದಾಖಲೆ) ವಿಮಾನದ ಕಡತದಲ್ಲಿ ಇದೆಯೇ ಹುಡುಕಿ. ಅದರ ಜೊತೆಗಿನ ಡ್ರಾಯಿಂಗ್‌ನಲ್ಲಿ ಕ್ಯಾಲಿಪರ್‌ಗೆ ಯಾವ ಫಿಟ್ಟಿಂಗ್ ಎಂದು ಬರೆದಿದ್ದರೆ ಅದೇ ಅಂತಿಮ, ನನ್ನ ಮೇಲಿನ ಪಟ್ಟಿ ಅದರ ನಂತರ. ಆ ಕಾಗದವೇ ಇಲ್ಲದಿದ್ದರೆ ಸೋರಿಕೆಗಿಂತ ದೊಡ್ಡ ತಲೆನೋವು ಬೇರೊಂದಿದೆ ಎಂದು ತಿಳಿಯಿರಿ.

ಪೈಪು ಯಾವುದು? 5052-ಓ (ಮೆದುಗೊಳಿಸಿದ ಮಿಶ್ರಲೋಹ) ಅಲ್ಯೂಮಿನಿಯಂ, ಹೊರವ್ಯಾಸ ಕಾಲಿಂಚು, ಗೋಡೆ ದಪ್ಪ 0.035 ಇಂಚು. ತಾಮ್ರದ ಪೈಪ್ ಹಳೆಯ ವಿಮಾನಗಳಲ್ಲಿ ಕಾಣಸಿಗುತ್ತದೆ, ಬಗ್ಗಿಸಲೂ ಸುಲಭ. ಆದರೆ ಅದುರಿ ಅದುರಿ ಗಟ್ಟಿಯಾಗಿ ಫ್ಲೇರ್ ಹತ್ತಿರ ಬಿರುಕು ಬಿಡುತ್ತದೆ, ಬ್ರೇಕ್‌ಗೆ ಬೇಡ. ಚಕ್ರದ ಬಳಿ ಕಲ್ಲು ಸಿಡಿಯುವ ಹುಲ್ಲು, ಮಣ್ಣಿನ ರನ್‌ವೇಗಳಲ್ಲೇ ಹೆಚ್ಚು ಹಾರುವವರಾದರೆ ಕ್ಯಾಲಿಪರ್‌ನ ಎಲ್ಬೋ ಉಕ್ಕಿನದಿರಲಿ ಎನ್ನುವುದು ನನ್ನ ಅಭಿಪ್ರಾಯ, ಅಂದರೆ ಡಿ ಇಲ್ಲದ ಎಎನ್822-4. ತೂಕ ಕೆಲವೇ ಗ್ರಾಂ ಹೆಚ್ಚು. ಆದರೆ ಅಲ್ಯೂಮಿನಿಯಂ ಪೈಪಿನ ತುದಿಯ ನಟ್ಟು ಮತ್ತು ಸ್ಲೀವ್ ಅಲ್ಯೂಮಿನಿಯಂನವೇ ಇರಲಿ. ಬಿಗಿ ಮಾಡುವ ಲೆಕ್ಕವೂ ಪೈಪಿನ ಲೋಹದ್ದೇ, ಅದನ್ನು ಮುಂದೆ ಹೇಳುತ್ತೇನೆ.

ಫ್ಲೇರ್ ಮಾಡುವುದರಲ್ಲಿ ಆತುರ ಬೇಡ. ಗರಗಸ ಬೇಡ, ಪೈಪ್ ಕಟರ್‌ನಿಂದ ಹಗುರ ಒತ್ತಡದಲ್ಲಿ ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪ ಬಿಗಿಸುತ್ತಾ ಕತ್ತರಿಸಿ. ಒಳಗೂ ಹೊರಗೂ ಬರ್ (ಕತ್ತರಿಸಿದ ಕಡೆ ಉಳಿಯುವ ಚೂಪು ಅಂಚು) ತೆಗೆದು ತುದಿಯನ್ನು ನುಣುಪು ಮಾಡಿ. ಅಂಚಿನಲ್ಲಿ ಉಳಿದ ಒಂದು ಸಣ್ಣ ಗೀರು ಫ್ಲೇರ್ ಅಗಲವಾಗುವಾಗ ಸೀಳಾಗಿ ಬೆಳೆಯುತ್ತದೆ. ಪೈಪಿನ ಒಳಗೆ ಗಾಳಿ ಊದಿ ಪುಡಿ ಹೊರಹಾಕಿ, ಇಲ್ಲದಿದ್ದರೆ ಅದು ಮಾಸ್ಟರ್ ಸಿಲಿಂಡರ್‌ನ ರಬ್ಬರಿಗೆ ಹೋಗಿ ಕೂರುತ್ತದೆ. ಆಮೇಲೆ ಮೊದಲು ನಟ್ಟು, ನಂತರ ಸ್ಲೀವ್ ಪೈಪಿಗೆ ಏರಿಸಿ. ಸ್ಲೀವ್‌ನ ಅಗಲವಾದ ಬಾಯಿ ಪೈಪಿನ ತುದಿಯ ಕಡೆಗಿರಬೇಕು. ಚೆಂದದ ಫ್ಲೇರ್ ಮಾಡಿ ಮುಗಿಸಿದ ಮೇಲೆ ನಟ್ಟು ಮೇಜಿನ ಮೇಲೇ ಉಳಿದಿರುವುದು ಕಾಣುವುದುಂಟು, ಅನುಭವಸ್ಥರಿಗೂ.

ಹಾರ್ಡ್‌ವೇರ್ ಅಂಗಡಿಯ ಫ್ಲೇರಿಂಗ್ ಟೂಲ್ 45 ಡಿಗ್ರಿಯದು. 37 ಡಿಗ್ರಿಯದನ್ನು ಕೊಳ್ಳಿ, ಇಲ್ಲವೇ ಮೆಕ್ಯಾನಿಕ್ ಹತ್ತಿರ ಎರವಲು ಪಡೆಯಿರಿ. 3/8 ಇಂಚು ಮತ್ತು ಅದಕ್ಕಿಂತ ಸಣ್ಣ 5052-ಓ ಪೈಪಿಗೆ ಡಬಲ್ ಫ್ಲೇರ್ ಒಳ್ಳೆಯದು. ತುದಿ ಒಳಕ್ಕೆ ಮಡಚಿ ಎರಡು ಪದರವಾಗುವುದರಿಂದ ಬಿಗಿ ಮಾಡುವಾಗ ಕತ್ತರಿಸಿಹೋಗುವ ಭಯ ಕಡಿಮೆ. ಆದರೆ ಡಬಲ್ ಫ್ಲೇರ್ ಆದರೂ ಅದು 37 ಡಿಗ್ರಿಯದೇ ಆಗಿರಬೇಕು. ಕಾರಿನ ಡಬಲ್ ಫ್ಲೇರ್ ಟೂಲ್ ತಂದು ಕೆಲಸ ಮುಗಿಸಿದರೆ ಮತ್ತೆ ಮೊದಲಿನ ಗತಿಯೇ. ಆದ ಫ್ಲೇರ್ ನೋಡಲು ಬೆಳಕು ಬೇಕು, ಸಾಧ್ಯವಾದರೆ ಭೂತಗನ್ನಡಿ. ಅಂಚು ಸುತ್ತಲೂ ಒಂದೇ ಅಗಲವಿರಬೇಕು, ಒಂದು ಕಡೆ ವಾಲಿರಬಾರದು, ಮೂತಿಗೆ ಒರಗುವ ಮೇಲ್ಮೈಯಲ್ಲಿ ಉದ್ದನೆಯ ಗೀರು ಇರಬಾರದು. ಫ್ಲೇರ್ ಸ್ಲೀವ್‌ನ ಹೊರ ಅಂಚನ್ನು ಮೀರಿದರೆ ನಟ್ಟಿನ ಥ್ರೆಡ್‌ಗೆ ಉಜ್ಜುತ್ತದೆ. ತೀರಾ ಸಣ್ಣದಾದರೆ ಒತ್ತಡದಲ್ಲಿ ಜಾರಿ ಹೊರಬರುತ್ತದೆ. ಅನುಮಾನ ಬಂದರೆ ಕತ್ತರಿಸಿ ಮತ್ತೆ ಮಾಡಿ. ಅದಕ್ಕೇ ಪೈಪನ್ನು ಒಂದೆರಡು ಇಂಚು ಹೆಚ್ಚಿಗೆ ಇಟ್ಟುಕೊಳ್ಳುವುದು.

ಬಗ್ಗಿಸುವಾಗ ಕಾಲಿಂಚಿನ ಅಲ್ಯೂಮಿನಿಯಂ ಪೈಪಿಗೆ ಕನಿಷ್ಠ ತ್ರಿಜ್ಯ 9/16 ಇಂಚು. ಬೆಂಡರ್ ಬಳಸಿ, ಮೊಣಕಾಲ ಮೇಲಿಟ್ಟು ಬಗ್ಗಿಸಬೇಡಿ. ಬಾಗಿದ ಕಡೆ ಪೈಪ್ ಚಪ್ಪಟೆಯಾದರೆ ಕಿರಿಯ ವ್ಯಾಸ ಮೂಲದ ಶೇಕಡಾ 75ಕ್ಕಿಂತ ಕಡಿಮೆಯಾಗಬಾರದು. ಎರಡು ಗಟ್ಟಿ ಫಿಟ್ಟಿಂಗ್‌ಗಳ ನಡುವೆ ಪೈಪನ್ನು ಗೆರೆ ಎಳೆದಂತೆ ನೇರವಾಗಿ ಹಾಕಬೇಡಿ, ಒಂದಾದರೂ ಬಾಗು ಇರಲಿ. ಇಲ್ಲದಿದ್ದರೆ ಅದುರುವಿಕೆ, ಬಿಸಿ, ಬಾಡಿಯ ಎಳೆತ ಎಲ್ಲವೂ ಫ್ಲೇರ್ ಮೇಲೆಯೇ ಬೀಳುತ್ತದೆ. ರಬ್ಬರ್ ಮೆತ್ತೆಯ ಕ್ಲ್ಯಾಂಪ್‌ಗಳನ್ನು (ಎಂಎಸ್21919) ಹದಿಮೂರೂವರೆ ಇಂಚಿಗೆ ಮೀರದಂತೆ ಹಾಕಿ. ಸೆಸ್ನಾದ ಲ್ಯಾಂಡಿಂಗ್ ಗೇರ್ ಕಾಲು ಸ್ಪ್ರಿಂಗ್ ಸ್ಟೀಲ್ ಪಟ್ಟಿ. ಅದಕ್ಕೆ ಕ್ಲ್ಯಾಂಪ್ ಕೂರಿಸಲೆಂದು ತೂತು ಕೊರೆಯುವುದು, ಕ್ಲ್ಯಾಂಪ್‌ನ ಚೂಪು ಅಂಚಿನಿಂದ ಗೀರುವುದು ಯಾವುದೂ ಸಲ್ಲ. ಪ್ರತಿ ಇಳಿಯುವಿಕೆಯಲ್ಲೂ ಬಾಗುವ ಉಕ್ಕಿನಲ್ಲಿ ಆ ಗೀರೇ ಬಿರುಕಿನ ಮೊದಲಾಗುತ್ತದೆ.

ಕ್ಯಾಲಿಪರ್ ಹತ್ತಿರದ ಕೊನೆಯ ಗೇಣು ಜಾಗಕ್ಕೆ ಹೆಚ್ಚು ಗಮನ ಕೊಡಿ, ನಿಮ್ಮ ಲೀಕ್ ಕೂಡ ಅಲ್ಲಿಯದೇ. ಕ್ಲೀವ್‌ಲ್ಯಾಂಡ್ ಕ್ಯಾಲಿಪರ್ ಒಂದೇ ಕಡೆ ಬಿಗಿದು ನಿಂತಿರುವುದಿಲ್ಲ. ಎರಡು ಪಿನ್‌ಗಳ ಮೇಲೆ ಆಚೀಚೆ ಜಾರುತ್ತದೆ, ಲೈನಿಂಗ್ (ಡಿಸ್ಕಿಗೆ ಒತ್ತುವ ಪದರ) ಸವೆದಂತೆ ಅದರ ಜಾಗವೂ ಸರಿಯುತ್ತದೆ. ಗಟ್ಟಿ ಪೈಪನ್ನು ಬಾಗೇ ಇಲ್ಲದೆ ಅದಕ್ಕೆ ತಗುಲಿಸಿದರೆ ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಫ್ಲೇರ್ ಎಳೆಸಿಕೊಳ್ಳುತ್ತದೆ, ಕ್ಯಾಲಿಪರ್ ಸರಾಗವಾಗಿ ಜಾರದೆ ಲೈನಿಂಗ್ ಒಂದೇ ಬದಿ ಸವೆಯುತ್ತದೆ. ನಿಮ್ಮ ಎಡಗಡೆಯ ಎರಡು ಲೈನಿಂಗ್‌ಗಳ ದಪ್ಪ ಹೋಲಿಸಿ ನೋಡಿ, ಸುಳಿವು ಸಿಗುತ್ತದೆ. ಡ್ರಾಯಿಂಗ್ ಒಪ್ಪಿದರೆ ಇಲ್ಲಿ ಒಂದು ತುಂಡು ಹೋಸ್ ಹಾಕುವುದೇ ಲೇಸು. ವಿಮಾನದ ಹೋಸ್, ತುದಿಗಳು ಎಎನ್ -4, ತಯಾರಿಸಿ ಒತ್ತಡ ಪರೀಕ್ಷೆ ಮಾಡಿದೆ ಎಂಬ ಗುರುತಿನ ಚೀಟಿ ಕಟ್ಟಿರುವಂಥದ್ದು. ಒತ್ತಡದಲ್ಲಿ ಹೋಸ್ ಶೇಕಡಾ 4ರಷ್ಟು ಗಿಡ್ಡವಾಗಬಹುದು, ಅದಕ್ಕಾಗಿ ಉದ್ದದಲ್ಲಿ ಶೇಕಡಾ 5ರಿಂದ 8 ಸಡಿಲ ಬಿಡಿ. ಹೋಸ್ ಮೈಮೇಲಿನ ಉದ್ದ ಗೆರೆ ತಿರುಚಿಕೊಂಡಿದ್ದರೆ ಜೋಡಣೆ ತಪ್ಪಿದೆ ಎಂದರ್ಥ. ಹಳೆಯ ಟೆಫ್ಲಾನ್ ಹೋಸ್ ಬಿಚ್ಚಿದರೆ ಬಾಗಿದ ಆಕಾರದಲ್ಲೇ ನಿಂತಿರುತ್ತದೆ, ಅದನ್ನು ನೇರ ಮಾಡಲು ಹೋಗಬೇಡಿ, ಒಳಗೆ ಮುರಿಯುತ್ತದೆ.

ಪೈಪ್ ಥ್ರೆಡ್ ಕೂರಿಸುವುದು ಹೀಗೆ. ಹೈಡ್ರಾಲಿಕ್ ಎಣ್ಣೆಗೆ ತಡೆಯುವ ಪೇಸ್ಟ್ ಸೀಲೆಂಟ್ ಅನ್ನು ಮೊದಲ ಥ್ರೆಡ್ ಬಿಟ್ಟು ಎರಡನೆಯದರಿಂದ ತೆಳ್ಳಗೆ ಹಚ್ಚಿ. ಟೆಫ್ಲಾನ್ ಟೇಪ್ ಬೇಡ. ಅದರ ಒಂದು ಎಳೆ ಕಿತ್ತು ಒಳಗೆ ಹೋದರೆ ಮಾಸ್ಟರ್ ಸಿಲಿಂಡರ್‌ನ ಸಣ್ಣ ತೂತನ್ನು ಮುಚ್ಚಿ ಬ್ರೇಕ್ ಹಿಡಿದುಕೊಂಡೇ ಇರುವಂತೆ ಮಾಡಬಲ್ಲದು. ಕೈಯಲ್ಲಿ ಹೋಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಒಂದೂವರೆಯಿಂದ ಎರಡು ಸುತ್ತು. ಎಲ್ಬೋ ಬೇಕಾದ ದಿಕ್ಕಿಗೆ ಬರಲಿಲ್ಲವೆಂದು ಹಿಂದಕ್ಕೆ ತಿರುಗಿಸಬಾರದು, ಸೀಲ್ ಅಲ್ಲೇ ಹೋಯಿತು. ಮುಂದಕ್ಕೇ ತಿರುಗಿಸಿ. ಮುಂದಕ್ಕೆ ಹೋಗಲು ತೀರಾ ಬಿಗಿಯಾದರೆ ತೆಗೆದು ಇನ್ನೊಂದು ಎಲ್ಬೋ ಹಾಕಿ ನೋಡಿ, ಥ್ರೆಡ್ ಶುರುವಾಗುವ ಜಾಗ ಒಂದೊಂದರಲ್ಲಿ ಒಂದೊಂದು ಕಡೆ ಇರುತ್ತದೆ. ಹಾಗೆ ಬೇಕಾಗುತ್ತದೆಂದು ಒಂದು ಎಲ್ಬೋ ಹೆಚ್ಚಿಗೆ ತರಿಸಿಕೊಂಡರೆ ನಷ್ಟವಿಲ್ಲ.

ಫ್ಲೇರ್ ಜೋಡಣೆಗೆ ಸೀಲೆಂಟ್ ಎಂದೂ ಹಚ್ಚಬೇಡಿ. ಥ್ರೆಡ್‌ಗೆ ಒಂದು ಹನಿ ಅದೇ ಹೈಡ್ರಾಲಿಕ್ ಎಣ್ಣೆ ಸಾಕು. ನಟ್ಟು ಮುಟ್ಟುವ ಮೊದಲೇ ಪೈಪಿನ ಬಾಯಿ ಮೂತಿಯ ಮೇಲೆ ನೆಟ್ಟಗೆ ತಾನಾಗಿ ಕೂರಬೇಕು. ನಟ್ಟಿನಿಂದ ಎಳೆದು ಕೂರಿಸುವಂತಿದ್ದರೆ ಪೈಪ್ ಇನ್ನೂ ಸರಿಯಾಗಿ ಬಾಗಿಲ್ಲ. ಕೈಯಲ್ಲಿ ಕೊನೆಯವರೆಗೆ ತಿರುಗಿಸಿ, ಫಿಟ್ಟಿಂಗ್ ತಿರುಗದಂತೆ ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದು, ಟಾರ್ಕ್ ರೆಂಚ್‌ನಿಂದ ಮುಗಿಸಿ. ಕಾಲಿಂಚಿನ 5052-ಓ ಪೈಪಿಗೆ 40ರಿಂದ 65 ಇಂಚ್-ಪೌಂಡ್, ನ್ಯೂಟನ್ ಮೀಟರ್ ಲೆಕ್ಕದಲ್ಲಿ ಸುಮಾರು 4.5ರಿಂದ 7.3. ಅದೇ ಅಳತೆಯ ಉಕ್ಕಿನ ಪೈಪಿಗಾದರೆ 135ರಿಂದ 150 ಇಂಚ್-ಪೌಂಡ್. ಎಡವಟ್ಟಾಗುವುದು ಇಲ್ಲಿಯೇ: ಫಿಟ್ಟಿಂಗ್ ಉಕ್ಕಿನದೆಂದು ಉಕ್ಕಿನ ಅಂಕಿ ನೋಡಿ ಬಿಗಿಸಿದರೆ ಅಲ್ಯೂಮಿನಿಯಂ ಫ್ಲೇರ್ ಹಿಂಡಿಹೋಗುತ್ತದೆ. 40 ಇಂಚ್-ಪೌಂಡ್ ಕೈಗೆ ಏನೂ ಅಲ್ಲ ಎನಿಸುತ್ತದೆ, ಅದಕ್ಕೇ ಅಂದಾಜು ಬೇಡ ಎನ್ನುವುದು. ಅಷ್ಟಕ್ಕೂ ಸೋರಿದರೆ ಇನ್ನಷ್ಟು ಟೈಟ್ ಮಾಡಬೇಡಿ. ಬಿಚ್ಚಿ, ಫ್ಲೇರ್ ಮತ್ತು ಮೂತಿ ಎರಡನ್ನೂ ನೋಡಿ. ನಿಮ್ಮ ಎಡಗಡೆಯ ಆ ನೀಲಿ ಫಿಟ್ಟಿಂಗ್ ಈಗಾಗಲೇ 45 ಡಿಗ್ರಿಯ ಫ್ಲೇರ್‌ನಿಂದ ಒತ್ತಿಸಿಕೊಂಡಿದೆ. ಮೂತಿಯ ಸುತ್ತ ಉಗುರಿಗೆ ಸಿಗುವ ಗೆರೆ ಇದ್ದರೆ ಅದನ್ನೂ ಎಸೆಯಿರಿ.

ಎಣ್ಣೆಯ ಬಗ್ಗೆ ಚಿಕ್ಕದಾಗಿ. ಜಿನುಗುತ್ತಿರುವುದು ಕೆಂಪು ಎಂದಿದ್ದೀರಿ, ಅದು ವಿಮಾನದ ಹೈಡ್ರಾಲಿಕ್ ಎಣ್ಣೆ ಮಿಲ್-5606 ಅಥವಾ ಅದೇ ಸೀಲ್‌ಗಳಿಗೆ ಒಗ್ಗುವ 83282 ಇರಬೇಕು. ಎರಡೂ ಬೆರೆಯುತ್ತವೆ. ಎರಡನೆಯದಕ್ಕೆ ಬೆಂಕಿ ಹತ್ತುವುದು ಬಹಳ ಹೆಚ್ಚಿನ ಬಿಸಿಯಲ್ಲಿ, ಕಾದ ಡಿಸ್ಕ್ ಪಕ್ಕದ ಲೈನಿಗೆ ಅದು ಒಳ್ಳೆಯದೇ. ಕಾರಿನ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಒಂದು ಹನಿಯೂ ಸೇರಬಾರದು, ಸೀಲ್‌ಗಳ ನೈಟ್ರೈಲ್ ರಬ್ಬರ್ ಕೆಡುತ್ತದೆ. ಕಾರಿನ ಅಂಗಡಿಗೆ ಹೋಗದಿರಲು ಇದೂ ಒಂದು ನೆಪ ಎಂದಿಟ್ಟುಕೊಳ್ಳಿ.

ಎಣ್ಣೆ ತುಂಬುವುದು ಕೆಳಗಿನಿಂದ. ಪಂಪ್ ಇರುವ ಎಣ್ಣೆ ಡಬ್ಬಿಗೆ ಪಾರದರ್ಶಕ ಟ್ಯೂಬ್ ಹಾಕಿ ಕ್ಯಾಲಿಪರ್‌ನ ತಳದ ಬ್ಲೀಡರ್‌ಗೆ (ಗಾಳಿ ತೆಗೆಯುವ ತಿರುಪಿಗೆ) ಸಿಕ್ಕಿಸಿ, ಬ್ಲೀಡರ್ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ಮೇಲಕ್ಕೆ ತಳ್ಳಿ. ಆಗ ಪೆಡಲ್ ಪೂರ್ತಿ ಹಿಂದಕ್ಕೆ ಬಂದಿರಬೇಕು, ಇಲ್ಲದಿದ್ದರೆ ಸಿಲಿಂಡರ್‌ನೊಳಗಿನ ದಾರಿ ಮುಚ್ಚಿರುತ್ತದೆ, ಎಷ್ಟು ಪಂಪ್ ಮಾಡಿದರೂ ಎಣ್ಣೆ ಏರುವುದಿಲ್ಲ. ಒಂದು ಕ್ವಾರ್ಟ್ ಡಬ್ಬಿ ಎರಡು ಬದಿಗೂ ಮಿಕ್ಕುತ್ತದೆ. ಮುಗಿದ ಮೇಲೆ ಎಲ್ಲ ಜೋಡಣೆಗಳನ್ನು ಒರೆಸಿ ಒಣಗಿಸಿ, ಒಬ್ಬರು ಪೆಡಲ್ ಗಟ್ಟಿಯಾಗಿ ಒತ್ತಿ ಐದು ನಿಮಿಷ ಹಿಡಿಯಲಿ. ಇನ್ನೊಬ್ಬರು ಬಿಳಿ ಟಿಶ್ಯೂ ಕಾಗದವನ್ನು ಪ್ರತಿ ನಟ್ಟಿನ ಸುತ್ತ ಒತ್ತಿ ನೋಡಲಿ. ಕೆಂಪು ಚುಕ್ಕೆ ಕಂಡರೆ ಆ ಜೋಡಣೆ ಬಿಚ್ಚಲೇಬೇಕು. ಕಾಣದಿದ್ದರೆ ನಿಧಾನಕ್ಕೆ ಟ್ಯಾಕ್ಸಿ ಮಾಡಿ, ಎಡ ಬಲ ಬ್ರೇಕ್ ಸಮವಾಗಿ ಹಿಡಿಯುತ್ತದೆಯೇ ನೋಡಿ, ಡಿಸ್ಕ್ ಆರಿದ ಮೇಲೆ ಅದೇ ಕಾಗದದಿಂದ ಮತ್ತೊಮ್ಮೆ ಒರೆಸಿ ನೋಡಿ. ಆಮೇಲೆ ಲಾಗ್‌ಬುಕ್ ಮೆಕ್ಯಾನಿಕ್ ಕೈಗೆ ಕೊಡಿ.